ಪೀಣ್ಯದ ಏಳು ತೊಟ್ಟಿಗಳು

ಉಕ್ಕಿಗೆ ಪ್ಲಾಸ್ಟಿಕ್ ತಾನಾಗಿ ಅಂಟುವುದಿಲ್ಲ. ನಡುವೆ ಎಣ್ಣೆಯ ಪಸೆ, ತುಕ್ಕಿನ ಪುಡಿ ಉಳಿದರೆ ಮೇಲಿನ ಪದರ ಗುಳ್ಳೆಯೆದ್ದು ಕಳಚುತ್ತದೆ. ಇದಕ್ಕೆ ಮದ್ದು ಪ್ಲಾಸ್ಟಿಕ್ ಹೊದಿಕೆಗಿಂತ ಮೊದಲೇ ಸಿಕ್ಕಿತ್ತು: ಇಂಗ್ಲೆಂಡಿನ ಥಾಮಸ್ ವಾಟ್ಸ್ ಕಾಸ್ಲೆಟ್ 1906ರಲ್ಲಿ, ತುಕ್ಕು ತಡೆಯಲೆಂದು, ಉಕ್ಕಿನ ಮೇಲೆ ಫಾಸ್ಫೇಟ್ ಪದರ ಕೂರಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. 1950ರ ದಶಕದಲ್ಲಿ ಜರ್ಮನಿಯ ಎರ್ವಿನ್ ಗೆಮ್ಮರ್ ಪ್ಲಾಸ್ಟಿಕ್ ಪುಡಿಯನ್ನು ಬಿಸಿ ಲೋಹದ ಮೇಲೆ ಕರಗಿಸಿ ಹೊದಿಸುವ ಕ್ರಮ ರೂಪಿಸಿದ. ಪೌಡರ್ ಕೋಟಿಂಗ್ ಹುಟ್ಟಿದ್ದು ಅಲ್ಲಿಂದ.

ಬೆಂಗಳೂರಿನ ಉತ್ತರಕ್ಕೆ ಜಾಲಹಳ್ಳಿಯಲ್ಲಿ ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳು 1950ರ ದಶಕದಲ್ಲೇ ಬಂದಿದ್ದವು. 1970ರ ದಶಕದಿಂದ ಯಶವಂತಪುರದಾಚೆ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯಿತು. ಸ್ವಿಚ್‌ಬೋರ್ಡ್ ಪೆಟ್ಟಿಗೆ, ಬೀರು, ಯಂತ್ರದ ಕವಚಗಳಿಗೆ ಪೌಡರ್ ಕೋಟಿಂಗ್ ಬಣ್ಣ ಹಾಕುವ ಅಲ್ಲಿನ ಜಾಬ್‌ವರ್ಕ್ ಶೆಡ್‌ಗಳಲ್ಲಿ ‘ಸೆವೆನ್ ಟ್ಯಾಂಕ್’ ಎಂಬ ಮಾತು ರೂಢಿಯಾಯಿತು. ಜಿಡ್ಡು ತೆಗೆಯುವ ಕ್ಷಾರ, ನೀರು, ತುಕ್ಕು ತಿನ್ನುವ ಆಮ್ಲ, ಮತ್ತೆ ನೀರು, ಫಾಸ್ಫೇಟ್, ಇನ್ನೊಮ್ಮೆ ನೀರು, ಕೊನೆಗೆ ಫಾಸ್ಫೇಟ್ ಪದರವನ್ನು ಭದ್ರಪಡಿಸುವ ಪ್ಯಾಸಿವೇಶನ್.

ಅಸಲಿ ಕೆಲಸ ಐದನೆಯ ತೊಟ್ಟಿಯದು. ಅದರಿಂದ ಹೊರಬಂದ ತಗಡು ಮಾಸಲು ಬೂದು ಬಣ್ಣಕ್ಕೆ ತಿರುಗಿರುತ್ತದೆ. ಮೇಲ್ಮೈ ತುಂಬ ಕಣ್ಣಿಗೆ ಕಾಣದ ಹರಳು. ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಒಲೆಯಲ್ಲಿ ಕರಗಿದ ಪುಡಿ ಆ ಹರಳುಗಳ ಸಂದಿಗಿಳಿದು ಗಟ್ಟಿಯಾಗುತ್ತದೆ. ಆದರೆ ಆತುರದಲ್ಲಿ ಮೊಟಕಾಗುವುದು ಹೆಚ್ಚಾಗಿ ತೊಳೆಯುವ ತೊಟ್ಟಿಗಳೇ. ಆಗ ಬಣ್ಣ ಚೆನ್ನಾಗಿ ಕಂಡರೂ ತೊಳೆದುಹೋಗದ ಲವಣ ಒಳಗೇ ಉಳಿದಿರುತ್ತದೆ. ಅಂಟು ಪರೀಕ್ಷಿಸಲು ಬ್ಲೇಡಿನಿಂದ ಸಣ್ಣ ಚೌಕಗಳನ್ನು ಗೀರಿ, ಟೇಪ್ ಒತ್ತಿ ಕಿತ್ತರೆ ಚೌಕಗಳು ಏಳಬಾರದು.

ಪ್ಯಾಸಿವೇಶನ್‌ಗೆ ಬಳಸುತ್ತಿದ್ದ ಆರು ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಈಗ ಹಲವೆಡೆ ಫಾಸ್ಫೇಟಿನ ಬದಲು ಜಿರ್ಕೋನಿಯಂ ಆಧಾರಿತ ತೆಳು ಪದರ ಬಂದಿದ್ದು, ಅದಕ್ಕೆ ತೊಟ್ಟಿಗಳೂ ಕಡಿಮೆ ಸಾಕು.