ನ್ಯೂಯಾರ್ಕ್ ಲಿಬರ್ಟಿ ತಂಡದ 2024ರ ಋತು

ನ್ಯೂಯಾರ್ಕ್ ಲಿಬರ್ಟಿ ಅಮೆರಿಕದ ಮಹಿಳಾ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಡಬ್ಲ್ಯುಎನ್‌ಬಿಎಯ ಒಂದು ತಂಡ. ಲೀಗ್‌ನ ಮೊದಲ ಋತುವಾದ 1997ರಿಂದಲೂ ಆಡುತ್ತಿರುವ ಈ ತಂಡವು ಐದು ಬಾರಿ (1997, 1999, 2000, 2002, 2023) ಫೈನಲ್ ತಲುಪಿ ಸೋತಿತ್ತು. 2024ರಲ್ಲಿ ಅದು ತನ್ನ ಮೊದಲ ಪ್ರಶಸ್ತಿಯನ್ನು ಗೆದ್ದುಕೊಂಡಿತು.

ಲೀಗ್ ಹಂತ ಮತ್ತು ಪ್ಲೇಆಫ್

ಸ್ಯಾಂಡಿ ಬ್ರಾಂಡೆಲ್ಲೊ ಅವರ ತರಬೇತಿಯಲ್ಲಿ ತಂಡವು 40 ಪಂದ್ಯಗಳಲ್ಲಿ 32ನ್ನು ಗೆದ್ದು ಅಗ್ರಸ್ಥಾನ ಪಡೆಯಿತು. ಬ್ರಿಯಾನಾ ಸ್ಟೀವರ್ಟ್, ಸಬ್ರಿನಾ ಐಯೊನೆಸ್ಕು ಮತ್ತು ಜಾಂಕೆಲ್ ಜೋನ್ಸ್ ಪ್ರಮುಖ ಆಟಗಾರ್ತಿಯರಾಗಿದ್ದರು. ಪ್ಲೇಆಫ್‌ನ ಮೊದಲ ಸುತ್ತಿನಲ್ಲಿ ಅಟ್ಲಾಂಟಾ ಡ್ರೀಮ್ ತಂಡವನ್ನು 2–0ರಿಂದ ಸೋಲಿಸಿತು. ಹಿಂದಿನ ವರ್ಷದ ಫೈನಲ್‌ನಲ್ಲಿ ತನ್ನನ್ನು ಮಣಿಸಿದ್ದ ಲಾಸ್ ವೇಗಸ್ ಏಸಸ್ ತಂಡವನ್ನು ಸೆಮಿಫೈನಲ್‌ನಲ್ಲಿ 3–1ರಿಂದ ಹಿಮ್ಮೆಟ್ಟಿಸಿತು.

ಫೈನಲ್

ಮಿನ್ನೆಸೋಟ ಲಿಂಕ್ಸ್ ವಿರುದ್ಧದ ಐದು ಪಂದ್ಯಗಳ ಸರಣಿಯ ಮೊದಲ ಪಂದ್ಯದಲ್ಲಿ ಲಿಬರ್ಟಿ 18 ಅಂಕಗಳ ಮುನ್ನಡೆಯನ್ನು ಕಳೆದುಕೊಂಡು, ಹೆಚ್ಚುವರಿ ಅವಧಿಯಲ್ಲಿ 93–95ರಿಂದ ಸೋತಿತು. ಮೂರನೆಯ ಪಂದ್ಯದಲ್ಲಿ ಐಯೊನೆಸ್ಕು ಕೊನೆಯ ಕ್ಷಣಗಳಲ್ಲಿ ದೂರದಿಂದ ಎಸೆದ ಮೂರು ಅಂಕಗಳ ಎಸೆತವು 80–77ರ ಗೆಲುವು ತಂದಿತು. ಸರಣಿ 2–2ರಲ್ಲಿ ಸಮವಾದಾಗ, ನಿರ್ಣಾಯಕ ಪಂದ್ಯವು ಅಕ್ಟೋಬರ್ 20ರಂದು ಬ್ರೂಕ್ಲಿನ್‌ನ ಬಾರ್ಕ್ಲೇಸ್ ಸೆಂಟರ್‌ನಲ್ಲಿ ನಡೆಯಿತು. ನಿಗದಿತ ಅವಧಿ ಮುಗಿಯಲು 5.2 ಸೆಕೆಂಡು ಉಳಿದಿದ್ದಾಗ ಸ್ಟೀವರ್ಟ್ ಎರಡು ಫ್ರೀ ಥ್ರೋಗಳಿಂದ ಅಂಕಗಳನ್ನು 60–60ಕ್ಕೆ ಸಮಗೊಳಿಸಿದರು. ಅದಕ್ಕೆ ಕಾರಣವಾದ ಫೌಲ್ ತೀರ್ಪನ್ನು ಲಿಂಕ್ಸ್ ತರಬೇತುದಾರರಾದ ಶೆರಿಲ್ ರೀವ್ ಪಂದ್ಯದ ಬಳಿಕ ಟೀಕಿಸಿದರು. ಹೆಚ್ಚುವರಿ ಅವಧಿಯಲ್ಲಿ ಲಿಬರ್ಟಿ 67–62ರಿಂದ ಜಯಗಳಿಸಿತು. ಜೋನ್ಸ್ ಫೈನಲ್‌ನ ಅತ್ಯಮೂಲ್ಯ ಆಟಗಾರ್ತಿಯೆಂದು ಆಯ್ಕೆಯಾದರು.