ಸಭಿಕರ ಕೈಗೆ ಹೋದ ಮೈಕು

ಫಿಲ್ ಡೊನಾಹ್ಯೂ ಎಂದರೆ ಧೈರ್ಯಸ್ಥ ನಿರೂಪಕ ಎಂದೇ ಅಮೆರಿಕದ ಟಿವಿ ಇತಿಹಾಸ ಬರೆಯುವವರು ನೆನೆಯುತ್ತಾರೆ. ಗರ್ಭಪಾತ, ಸಲಿಂಗಕಾಮ, ನಾಸ್ತಿಕತೆ, ಏಡ್ಸ್ ಹೀಗೆ ಮನೆಗಳಲ್ಲಿ ಯಾರೂ ಬಾಯಿಬಿಡದ ವಿಷಯಗಳನ್ನು ಅವರು ಹಾಡಹಗಲೇ ಪರದೆಗೆ ತಂದದ್ದು ನಿಜ. ಆದರೆ ಬರೀ ಧೈರ್ಯದ ಬಲದಿಂದ ಒಂದು ಕಾರ್ಯಕ್ರಮ 29 ವರ್ಷ ಕಾಲ, ಆರು ಸಾವಿರಕ್ಕೂ ಹೆಚ್ಚು ಕಂತುಗಳಲ್ಲಿ ನಡೆಯುವುದಿಲ್ಲ. ಟಾಕ್ ಶೋ ಎಂಬ ಕಸುಬಿನಲ್ಲಿ ಯಾರು ಕೇಳಬೇಕು, ಯಾರು ಉತ್ತರಿಸಬೇಕು ಎಂಬ ಏರ್ಪಾಟನ್ನೇ ಅವರು ಬದಲಿಸಿದರು. ಆ ಬದಲಾವಣೆ ಮೊದಲೇ ಹಾಕಿಕೊಂಡ ಯೋಜನೆಯಿಂದ ಬಂದದ್ದಲ್ಲ. ಸಣ್ಣ ಊರಿನ ಸಣ್ಣ ಕೇಂದ್ರವೊಂದರ ಬಡತನದಿಂದ ಹುಟ್ಟಿದ್ದು ಎಂಬುದು ನನ್ನ ವಾದ.

1935ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಹುಟ್ಟಿದ ಡೊನಾಹ್ಯೂ ನೋಟ್ರ್ ಡೇಮ್ ವಿಶ್ವವಿದ್ಯಾಲಯದಲ್ಲಿ ಓದಿ, ಒಹಾಯೊ ರಾಜ್ಯದ ಡೇಟನ್‌ನಲ್ಲಿ ಸುದ್ದಿ ಓದುವ ಕೆಲಸಕ್ಕೆ ಸೇರಿದರು. ಅಲ್ಲಿನ ರೇಡಿಯೊದಲ್ಲಿ ಕೇಳುಗರು ಫೋನ್ ಮಾಡಿ ಮಾತಾಡುವ ಕಾರ್ಯಕ್ರಮವೊಂದನ್ನು ಕೆಲವು ವರ್ಷ ನಡೆಸಿದರು. ಅದೇ ಅಭ್ಯಾಸವನ್ನು ಕಟ್ಟಿಕೊಂಡು 1967ರ ನವೆಂಬರ್ 6ರಂದು ಅದೇ ಊರಿನ ಡಬ್ಲ್ಯುಎಲ್‌ಡಬ್ಲ್ಯುಡಿ ಎಂಬ ಟಿವಿ ಕೇಂದ್ರದಲ್ಲಿ ತಮ್ಮ ಹೆಸರಿನ ಕಾರ್ಯಕ್ರಮ ಶುರುಮಾಡಿದರು. ಆ ಕಾಲಕ್ಕೆ ಟಾಕ್ ಶೋ ಎಂದರೆ ಜಾನಿ ಕಾರ್ಸನ್ ರಾತ್ರಿ ಹೊತ್ತು ನಡೆಸುತ್ತಿದ್ದ ಮಾದರಿ: ಒಂದು ಮೇಜು, ಪಕ್ಕದಲ್ಲೊಂದು ಕುರ್ಚಿ, ಹಿಂದೆ ವಾದ್ಯವೃಂದ, ಹೊಸ ಸಿನಿಮಾದ ಪ್ರಚಾರಕ್ಕೆ ಬಂದ ತಾರೆ. ಸಭಿಕರಿಗೆ ನಗುವುದು ಮತ್ತು ಚಪ್ಪಾಳೆ ತಟ್ಟುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಡೇಟನ್‌ಗೆ ತಾರೆಯರು ಬರುತ್ತಿರಲಿಲ್ಲ. ವಾದ್ಯವೃಂದಕ್ಕೆ ಕೊಡಲು ದುಡ್ಡೂ ಇರಲಿಲ್ಲ. ಹಾಗಾಗಿ ದಿನಕ್ಕೊಬ್ಬರೇ ಅತಿಥಿ, ಒಂದೇ ವಿಷಯ, ಇಡೀ ಒಂದು ತಾಸು. ತಾರೆಯ ಹೆಸರಿನಿಂದ ಜನರನ್ನು ಹಿಡಿದಿಡಲು ಆಗದ ಕಡೆ ವಿಷಯವೇ ಹಿಡಿದಿಡಬೇಕಿತ್ತು.

ಮೊದಲ ದಿನದ ಅತಿಥಿ ಮ್ಯಾಡಲಿನ್ ಮರ್ರೇ ಓಹೇರ್. ಸರ್ಕಾರಿ ಶಾಲೆಗಳಲ್ಲಿ ಬೈಬಲ್ ಪಠಣವನ್ನು 1963ರಲ್ಲಿ ಸುಪ್ರೀಂ ಕೋರ್ಟ್ ನಿಲ್ಲಿಸಿದ ತೀರ್ಪಿನ ಹಿಂದಿದ್ದ ಕಕ್ಷಿದಾರರಲ್ಲಿ ಒಬ್ಬರಾದ ಕಡು ನಾಸ್ತಿಕ ಮಹಿಳೆ. ಕರೆದವರು ಕ್ಯಾಥೊಲಿಕ್ ಮನೆತನದ ಡೊನಾಹ್ಯೂ. ಸ್ಟುಡಿಯೊದಲ್ಲಿ ಕೂತಿದ್ದವರು ಈ ಕಾರ್ಯಕ್ರಮಕ್ಕೆಂದು ಬಂದವರಲ್ಲ. ರದ್ದಾದ ಇನ್ನೊಂದು ಮನರಂಜನಾ ಕಾರ್ಯಕ್ರಮಕ್ಕೆ ಟಿಕೆಟ್ ಪಡೆದಿದ್ದವರು. ಬಂದವರನ್ನು ಕಳಿಸುವುದು ಹೇಗೆಂದು ಕೂರಿಸಿಕೊಂಡಿದ್ದರು. ಆ ವಾರ ಮುಂದೆ ಹೆರಿಗೆಯ ಚಿತ್ರ ಬಂತು, ಶವಸಂಸ್ಕಾರದ ವ್ಯಾಪಾರಿ ಬಂದ, ಕೊನೆಗೆ ಗಂಡುಮಗುವಿನ ಅಂಗವನ್ನು ಮರೆಮಾಚದೆ ಮಾಡಿದ ಒಂದು ಗೊಂಬೆ ಬಂತು. ಆ ಗೊಂಬೆ ಸರಿಯೋ ತಪ್ಪೋ ಎಂದು ಹೇಳಲು ಜನ ಮುಗಿಬಿದ್ದು ಫೋನ್ ಮಾಡಿದರು. ಊರಿನ ಟೆಲಿಫೋನ್ ಜಾಲವೇ ತತ್ತರಿಸಿತು. ಆದರೆ ಕಸುಬಿನ ದಿಕ್ಕು ಬದಲಾದದ್ದು ಜಾಹೀರಾತಿನ ಬಿಡುವುಗಳಲ್ಲಿ. ಕ್ಯಾಮೆರಾ ಆರಿದಾಗ ಸಭೆಯಲ್ಲಿದ್ದ ಹೆಂಗಸರು ಅತಿಥಿಯನ್ನು ಕೇಳುತ್ತಿದ್ದ ಪ್ರಶ್ನೆಗಳು ತಾವು ಬರೆದುಕೊಂಡು ಬಂದ ಪ್ರಶ್ನೆಗಳಿಗಿಂತ ಮೊನಚಾಗಿವೆ ಎಂಬುದು ಡೊನಾಹ್ಯೂಗೆ ಹೊಳೆಯಿತು. ಬಿಡುವು ಮುಗಿದ ಮೇಲೂ ಅವರು ತಮ್ಮ ಜಾಗಕ್ಕೆ ಮರಳದೆ ಮೈಕು ಹಿಡಿದು ಸಭೆಯೊಳಗೇ ಇಳಿದರು. ಸಾಲುಗಳ ನಡುವೆ ಓಡಾಡುತ್ತ, ಕೈಯೆತ್ತಿದವರ ಬಾಯಿಗೆ ಮೈಕು ಹಿಡಿಯುವ ನಿರೂಪಕ ಹುಟ್ಟಿದ್ದು ಹೀಗೆ.

ಆ ಸಭಿಕರು ಯಾರು ಎಂಬುದನ್ನು ಮರೆಯಬಾರದು. ಹಗಲು ಹೊತ್ತಿನ ಟಿವಿ ಗೃಹಿಣಿಯರದ್ದು, ಅವರಿಗೆ ಬೇಕಿರುವುದು ಅಳುವ ಧಾರಾವಾಹಿ, ಅಡುಗೆ, ಬಹುಮಾನದ ಆಟ ಎಂದು ಉದ್ಯಮ ನಂಬಿತ್ತು. ‘ಕ್ವೀನ್ ಫಾರ್ ಎ ಡೇ’ ಎಂಬ ಜನಪ್ರಿಯ ಕಾರ್ಯಕ್ರಮದಲ್ಲಿ ಹೆಂಗಸರು ತಮ್ಮ ಕಷ್ಟ ಹೇಳಿಕೊಳ್ಳುತ್ತಿದ್ದರು. ಯಾರ ಕಷ್ಟಕ್ಕೆ ಚಪ್ಪಾಳೆ ಹೆಚ್ಚೆಂದು ಮಾಪಕ ಅಳೆದು ಗೆದ್ದವಳಿಗೆ ಕಿರೀಟ, ಬಹುಮಾನ ಕೊಡಲಾಗುತ್ತಿತ್ತು. ಸಾಮಾನ್ಯರನ್ನು ಟಿವಿಗೆ ತಂದವರಲ್ಲಿ ಡೊನಾಹ್ಯೂ ಮೊದಲಿಗರೇನಲ್ಲ ಎನ್ನುವವರ ಮಾತು ಆ ಮಟ್ಟಿಗೆ ಸರಿ. ಆದರೆ ಹಿಂದಿನ ಕಾರ್ಯಕ್ರಮಗಳಲ್ಲಿ ಹೆಣ್ಣು ಬಂದದ್ದು ಕನಿಕರಕ್ಕೆ ಅಥವಾ ನಗುವಿಗೆ ಸರಕಾಗಿ. ಡೇಟನ್‌ನಲ್ಲಿ ಅವಳು ವೈದ್ಯರನ್ನು, ವಕೀಲರನ್ನು, ರಾಜಕಾರಣಿಗಳನ್ನು ಎದ್ದು ನಿಂತು ಪ್ರಶ್ನಿಸಿದಳು. ಈ ವ್ಯತ್ಯಾಸವನ್ನು ಸಣ್ಣದೆಂದು ತಳ್ಳಿಹಾಕಲಾಗದು.

1970ರ ಹೊತ್ತಿಗೆ ಕಾರ್ಯಕ್ರಮ ಬೇರೆ ಊರುಗಳಿಗೂ ಹಬ್ಬಿತು, 1974ರಲ್ಲಿ ಶಿಕಾಗೊಗೆ, 1985ರಲ್ಲಿ ನ್ಯೂಯಾರ್ಕ್‌ಗೆ ಹೋಯಿತು. ಈಗ ತಾರೆಯರು ಬರಬಲ್ಲರು, ದುಡ್ಡೂ ಇತ್ತು. ಆದರೂ ಅವರು ಆ ಪದ್ಧತಿಯನ್ನು ಬಿಡಲಿಲ್ಲ. ಬಡತನದಲ್ಲಿ ಕಲಿತದ್ದನ್ನು ಸಿರಿತನದಲ್ಲೂ ಉಳಿಸಿಕೊಂಡದ್ದೇ ಅದು ಬರೀ ಅನಿವಾರ್ಯವಾಗಿ ಉಳಿಯಲಿಲ್ಲ ಎಂಬುದಕ್ಕೆ ಸಾಕ್ಷಿ. ಶೀತಲ ಸಮರ ಇನ್ನೂ ಮುಗಿಯದ ಕಾಲದಲ್ಲಿ ಸೋವಿಯತ್ ಪತ್ರಕರ್ತ ವ್ಲಾದಿಮಿರ್ ಪೋಜ್ನರ್ ಜೊತೆ ಸೇರಿ ಉಪಗ್ರಹದ ಮೂಲಕ ಸಿಯಾಟಲ್ ಮತ್ತು ಲೆನಿನ್‌ಗ್ರಾಡ್‌ನ ಸಾಮಾನ್ಯರನ್ನು ಮುಖಾಮುಖಿ ಕೂರಿಸಿದರು. 1986ರಲ್ಲಿ ಬಾಸ್ಟನ್ ಮತ್ತು ಲೆನಿನ್‌ಗ್ರಾಡ್‌ನ ಹೆಂಗಸರ ಸರದಿ. ನಿಮ್ಮ ಟಿವಿ ಜಾಹೀರಾತುಗಳಲ್ಲಿ ಲೈಂಗಿಕತೆ ಇರುತ್ತದೆಯೇ ಎಂಬ ಅಮೆರಿಕನ್ ಮಹಿಳೆಯ ಪ್ರಶ್ನೆಗೆ, ನಮ್ಮಲ್ಲಿ ಅದು ಇಲ್ಲ ಎಂದು ಸೋವಿಯತ್ ಮಹಿಳೆಯೊಬ್ಬರು ಹೇಳುತ್ತಿದ್ದಂತೆ ಎದ್ದ ನಗುವಿನಲ್ಲಿ ಅವರ ಮಾತಿನ ಉಳಿದ ಭಾಗ ಮುಳುಗಿಹೋಯಿತು. ಆ ಅರ್ಧ ಮಾತು ರಷ್ಯದಲ್ಲಿ ಇವತ್ತಿಗೂ ಗಾದೆಯಂತೆ ಚಾಲ್ತಿಯಲ್ಲಿದೆ. ಎರಡು ದೇಶಗಳ ರಾಜತಾಂತ್ರಿಕರು ಕೂತಿದ್ದರೆ ಇಂಥ ಪ್ರಶ್ನೆಯೂ ಬರುತ್ತಿರಲಿಲ್ಲ, ಇಂಥ ಉತ್ತರವೂ ಬರುತ್ತಿರಲಿಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪಣೆ ಬೇರೆಯದು. ಸಭಿಕರಿಗೆ ಮೈಕು ಕೊಟ್ಟಿದ್ದರಿಂದಲೇ 1990ರ ದಶಕದ ಜೆರ್ರಿ ಸ್ಪ್ರಿಂಗರ್ ಮಾದರಿಯ ಬಡಿದಾಟದ ಕಾರ್ಯಕ್ರಮಗಳು ಹುಟ್ಟಿದವು ಎನ್ನುತ್ತಾರೆ. ಈ ಆರೋಪದಲ್ಲಿ ಹುರುಳಿದೆ. ಪೈಪೋಟಿ ಹೆಚ್ಚಿದಂತೆ ಡೊನಾಹ್ಯೂ ಕೂಡ ಜಾರಿದರು. ಒಮ್ಮೆ ಲಂಗ ತೊಟ್ಟು ವೇದಿಕೆಗೆ ಬಂದರು, 1994ರಲ್ಲಿ ಮರಣದಂಡನೆಯೊಂದನ್ನು ಚಿತ್ರೀಕರಿಸಲು ಅನುಮತಿ ಕೋರಿ ನ್ಯಾಯಾಲಯದ ಮೆಟ್ಟಿಲೂ ಹತ್ತಿದರು. ಇವನ್ನು ಸಮರ್ಥಿಸುವ ಅಗತ್ಯ ನನಗೆ ಕಾಣುವುದಿಲ್ಲ. ಆದರೆ ಸ್ಪ್ರಿಂಗರ್ ಸಭೆಯಲ್ಲಿ ಜನ ಮುಖ್ಯವಾಗಿ ಮಾಡುತ್ತಿದ್ದುದು ನಿರೂಪಕನ ಹೆಸರು ಕೂಗಿ ಹೊಡೆದಾಟಕ್ಕೆ ಹುರಿದುಂಬಿಸುವುದು. ಅಲ್ಲಿ ಸಭಿಕರು ಪ್ರಶ್ನೆಯಿಂದ ಮತ್ತೆ ಚಪ್ಪಾಳೆಗೆ ಹಿಂದಿರುಗಿದ್ದರು. ಡೊನಾಹ್ಯೂ ಮಾರ್ಗದ ನಿಜವಾದ ವಾರಸುದಾರರು ಓಪ್ರಾ ವಿನ್‌ಫ್ರೀ. 1984ರಲ್ಲಿ ಶಿಕಾಗೊಗೆ ಬಂದು ಕೆಲವೇ ವಾರಗಳಲ್ಲಿ ಡೊನಾಹ್ಯೂ ಅವರನ್ನು ವೀಕ್ಷಕರ ಸಂಖ್ಯೆಯಲ್ಲಿ ಹಿಂದಿಕ್ಕಿದ ಓಪ್ರಾ, ಅವರಿಲ್ಲದಿದ್ದರೆ ತಾವಿಲ್ಲ ಎಂದು ಬಹಿರಂಗವಾಗಿ ಹೇಳಿದರು.

1996ರಲ್ಲಿ ಕಾರ್ಯಕ್ರಮ ನಿಂತಿತು. 2002ರಲ್ಲಿ ಎಂಎಸ್‌ಎನ್‌ಬಿಸಿ ಸುದ್ದಿ ವಾಹಿನಿ ಅವರನ್ನು ಮತ್ತೆ ಕರೆಯಿತು. ಇರಾಕ್ ಯುದ್ಧಕ್ಕೆ ಸಿದ್ಧತೆ ನಡೆದಿತ್ತು, ಡೊನಾಹ್ಯೂ ಅದನ್ನು ವಿರೋಧಿಸುತ್ತಿದ್ದರು. ಯುದ್ಧ ಬೇಡವೆನ್ನುವ ಒಬ್ಬರನ್ನು ಕರೆದರೆ ಬೇಕೆನ್ನುವ ಇಬ್ಬರನ್ನು ಕರೆಯಬೇಕೆಂದು ತಮಗೆ ಕಟ್ಟಪ್ಪಣೆಯಾಗಿತ್ತೆಂದು ಅವರು ಆಮೇಲೆ ಹೇಳಿದರು. 2003ರ ಫೆಬ್ರವರಿಯಲ್ಲಿ, ದಾಳಿಗೆ ಕೆಲವೇ ವಾರ ಮುಂಚೆ, ಕಾರ್ಯಕ್ರಮ ರದ್ದಾಯಿತು. ವೀಕ್ಷಕರು ಸಾಲದೆಂಬುದು ವಾಹಿನಿ ಕೊಟ್ಟ ಕಾರಣ. ಆದರೆ ಆ ವಾಹಿನಿಯಲ್ಲಿ ಆಗ ಅತಿ ಹೆಚ್ಚು ಜನ ನೋಡುತ್ತಿದ್ದುದು ಅದೇ ಕಾರ್ಯಕ್ರಮವನ್ನು. ಯುದ್ಧಕಾಲದಲ್ಲಿ ಇಂಥವರು ಸಂಸ್ಥೆಯ ಮುಖವಾಗಿರುವುದು ತೊಡಕೆಂದು ಒಳಗಿನ ವರದಿಯೊಂದು ಎಚ್ಚರಿಸಿದ್ದೂ ಬಯಲಾಯಿತು. ಡೇಟನ್‌ನಲ್ಲಿ ಯಾರು ಏನು ಕೇಳುತ್ತಾರೆಂದು ಮೊದಲೇ ಲೆಕ್ಕ ಹಾಕುವವರು ಇರಲಿಲ್ಲ. ಇಲ್ಲಿ ಆ ಲೆಕ್ಕವೇ ಮೊದಲಾಯಿತು. ಆ ಯುದ್ಧಕ್ಕೆ ಕೊಟ್ಟ ಮುಖ್ಯ ಕಾರಣವಾದ ಸಾಮೂಹಿಕ ವಿನಾಶದ ಅಸ್ತ್ರಗಳ ದಾಸ್ತಾನು ಇರಾಕಿನಲ್ಲಿ ಸಿಗಲೇ ಇಲ್ಲ.