ಕೋಲು ಮೊದಲು, ಕವಚ ಆಮೇಲೆ

1933ರ ಡಿಸೆಂಬರ್ 12ರಂದು ಬಾಸ್ಟನ್ ಗಾರ್ಡನ್‌ನಲ್ಲಿ ನಡೆದ ಪಂದ್ಯದಲ್ಲಿ ಬಾಸ್ಟನ್ ಬ್ರೂಯಿನ್ಸ್ ತಂಡದ ಎಡಿ ಶೋರ್, ಟೊರಾಂಟೊ ಮೇಪಲ್ ಲೀಫ್ಸ್‌ನ ಏಸ್ ಬೈಲಿಗೆ ಹಿಂದಿನಿಂದ ಬಂದು ಗುದ್ದಿದ. ಬೈಲಿಯ ತಲೆ ಮಂಜುಗಡ್ಡೆಗೆ ಅಪ್ಪಳಿಸಿ ಬುರುಡೆ ಬಿರಿಯಿತು. ಜೀವ ಉಳಿಯಿತು, ಆಟ ಮಾತ್ರ ಅಲ್ಲಿಗೇ ಮುಗಿಯಿತು. ಆ ಭಯದಲ್ಲಿ ಕೆಲವರು ಚರ್ಮದ ಶಿರಸ್ತ್ರಾಣ ಹಾಕಿ ನೋಡಿದರು; ಭಯ ಇಳಿದ ಮೇಲೆ ಬಹುತೇಕ ಎಲ್ಲರೂ ತೆಗೆದಿಟ್ಟರು. ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿಯನ್ನು ಆಳುವ ನ್ಯಾಷನಲ್ ಹಾಕಿ ಲೀಗ್, ಅಂದರೆ ಎನ್‌ಎಚ್‌ಎಲ್, ಹೆಲ್ಮೆಟ್ಟನ್ನು ಕಡ್ಡಾಯ ಮಾಡಿದ್ದು 1979ರಲ್ಲಿ. ಅಷ್ಟರಲ್ಲಿ 46 ವರ್ಷ ಕಳೆದಿತ್ತು. ಇದೇ ಲೀಗಿನಲ್ಲಿ 1960ರ ದಶಕದ ಆರಂಭದಲ್ಲಿ ಇಬ್ಬರು ಆಟಗಾರರು ತಮ್ಮ ಕೋಲಿನ ಅಲಗನ್ನು ಬಗ್ಗಿಸಿದರು; ಆ ದಶಕ ಮುಗಿಯುವುದರೊಳಗೆ ಲೀಗು ಬಾಗುವಿಕೆಗೆ ಮಿತಿ ಹಾಕಿ ನಿಯಮ ಬರೆಯಬೇಕಾಯಿತು, ಅಷ್ಟು ಬೇಗ ಅದು ಹಬ್ಬಿತ್ತು.

ಐಸ್ ಹಾಕಿಯ ಸಲಕರಣೆಗಳ ಒಂದೂವರೆ ಶತಮಾನದ ಇತಿಹಾಸದಲ್ಲಿ ನನಗೆ ಎದ್ದು ಕಾಣುವುದು ಈ ಎರಡು ವೇಗಗಳು. ಗೋಲು ಹೊಡೆಯಲು ನೆರವಾಗುವ ಸಾಧನವನ್ನು ಆಟಗಾರ ಮರುದಿನವೇ ಕೈಗೆತ್ತಿಕೊಳ್ಳುತ್ತಾನೆ. ಜೀವ ಕಾಯುವ ಸಾಧನ ಬರಬೇಕಾದರೆ ಯಾರಾದರೂ ಬೀಳಬೇಕು, ಬಿದ್ದ ಮೇಲೂ ತಲೆಮಾರೊಂದು ಕಳೆಯಬೇಕು.

ಆಟ ತಿಳಿಯದವರಿಗೆ ಒಂದೆರಡು ಮಾತು. ಸುತ್ತ ಹಲಗೆಯ ಗೋಡೆಯಿರುವ ಮಂಜಿನ ಅಂಗಳ, ತಂಡಕ್ಕೆ ಆರು ಜನ, ಕಾಲಲ್ಲಿ ಸ್ಕೇಟು, ಚೆಂಡಿನ ಬದಲು ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆ. ಮೈಗೆ ಮೈ ತಾಗಿಸಿ ತಳ್ಳುವುದು ಇಲ್ಲಿ ತಪ್ಪಲ್ಲ, ಆಟದ ಭಾಗ. ಒಳಾಂಗಣದಲ್ಲಿ ನಡೆದ ಮೊದಲ ಸಂಘಟಿತ ಪಂದ್ಯ ಎಂದು ದಾಖಲಾಗಿರುವುದು 1875ರ ಮಾರ್ಚ್ 3ರದು, ಮಾಂಟ್ರಿಯಲ್‌ನ ವಿಕ್ಟೋರಿಯಾ ರಿಂಕ್‌ನಲ್ಲಿ. ಚೆಂಡು ಪುಟಿದು ಪ್ರೇಕ್ಷಕರ ಮೇಲೆ ಹಾರಬಾರದೆಂದು ಅಂದು ಚಪ್ಪಟೆಯಾದ ಮರದ ತುಂಡನ್ನು ಬಳಸಿದ್ದರು. ಈಗಿನ ಪಕ್ ಗಂಧಕ ಸೇರಿಸಿ ಕಾಯಿಸಿದ ರಬ್ಬರಿನದು: ಮೂರು ಇಂಚು ವ್ಯಾಸ, ಒಂದು ಇಂಚು ದಪ್ಪ, ತೂಕ 156ರಿಂದ 170 ಗ್ರಾಂ. ಪಂದ್ಯಕ್ಕೆ ಮೊದಲು ಅದನ್ನು ಫ್ರೀಜರ್‌ನಲ್ಲಿಟ್ಟು ತಣಿಸುತ್ತಾರೆ, ಇಲ್ಲದಿದ್ದರೆ ಪುಟಿಯುತ್ತದೆ. ಈ ಬಿಲ್ಲೆ ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿ ಮುಖದತ್ತ ಬರುತ್ತಿರುವುದನ್ನು ಊಹಿಸಿಕೊಂಡರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ.

ಮೊದಲ ಕೋಲುಗಳು ಕೆನಡಾದ ನೋವಾ ಸ್ಕೋಶಿಯಾದ ಮೂಲನಿವಾಸಿಗಳಾದ ಮಿಕ್‌ಮಾಕ್ ಜನರ ಕೈಕೆಲಸ. ಹಾರ್ನ್‌ಬೀಮ್ ಎಂಬ ಗಟ್ಟಿ ಮರವನ್ನು ಬೇರಿನ ಬಾಗು ಸಮೇತ ಕಡಿದು, ಇಡೀ ಕೋಲನ್ನು ಒಂದೇ ತುಂಡಿನಲ್ಲಿ ಕೆತ್ತುತ್ತಿದ್ದರು. ಡಾರ್ಟ್‌ಮತ್ ಊರಿನ ಸ್ಟಾರ್ ಕಂಪನಿ ಅದನ್ನು 'ಮಿಕ್-ಮ್ಯಾಕ್' ಎಂಬ ಹೆಸರಿನಲ್ಲೇ ಮಾರಿತು. ಆಮೇಲೆ ಆ್ಯಶ್ ಮರ ಬಂತು, ದಂಡ ಅಲಗು ಎರಡನ್ನೂ ಬೇರೆಬೇರೆ ಮಾಡಿ ಅಂಟಿಸುವುದು ಬಂತು, ತೆಳು ಪದರಗಳನ್ನು ಒತ್ತಿ ಕೂಡಿಸುವುದು ಬಂತು, ಮೇಲೆ ಫೈಬರ್‌ಗ್ಲಾಸ್ ಸುತ್ತುವುದೂ ಬಂತು. ಇವೆಲ್ಲ ಬಾಳಿಕೆಯ ಸುಧಾರಣೆಗಳು. ಆಟದ ಸ್ವರೂಪ ಬದಲಾಗಲಿಲ್ಲ.

ಅದನ್ನು ಬದಲಿಸಿದ್ದು ಶಿಕಾಗೊ ತಂಡದ ಸ್ಟ್ಯಾನ್ ಮಿಕಿಟಾನ ಮುರುಕು ಕೋಲು. ಅಭ್ಯಾಸದ ವೇಳೆ ಅವನ ಅಲಗು ಸೀಳಿ ವಕ್ರವಾಯಿತಂತೆ. ಸಿಟ್ಟಿನಲ್ಲಿ ಅದರಲ್ಲೇ ಪಕ್ ಹೊಡೆದಾಗ ಅದು ಎಂದಿನಂತೆ ಹೋಗದೆ ಗಾಳಿಯಲ್ಲಿ ಸೊಟ್ಟಗೆ ತಿರುಗಿ ನುಗ್ಗಿತು. ಮಿಕಿಟಾ ಮತ್ತು ಅವನ ಜೊತೆಗಾರ ಬಾಬಿ ಹಲ್ ಅಲಗನ್ನು ನೆನೆಸಿ, ಬಗ್ಗಿಸಿ, ಬಾಗು ಹೆಚ್ಚಿಸುತ್ತಲೇ ಹೋದರು. ಅದಕ್ಕಿಂತ ಮೊದಲೇ ತಾನು ಹೀಗೆ ಮಾಡುತ್ತಿದ್ದೆ ಎಂದು ನ್ಯೂಯಾರ್ಕ್‌ನ ಆ್ಯಂಡಿ ಬಾತ್‌ಗೇಟ್ ಹೇಳಿಕೊಂಡಿದ್ದಾನೆ. ಈ ಹೆಸರನ್ನು ನೆನಪಿಡಿ, ಮುಂದೆ ಮತ್ತೆ ಬರುತ್ತದೆ. ಎತ್ತ ತಿರುಗುತ್ತದೆಂದು ಹೊಡೆದವನಿಗೇ ತಿಳಿಯದ ಹೊಡೆತಗಳು ಗೋಲ್‌ಕೀಪರುಗಳನ್ನು ಕಂಗೆಡಿಸಿದವು. ಲೀಗು ಬಾಗಿಗೆ ಮಿತಿ ಹಾಕಿ, 1970ರಲ್ಲಿ ಅದನ್ನು ಅರ್ಧ ಇಂಚಿಗೆ ಇಳಿಸಿತು. 2006ರಲ್ಲಿ ಮುಕ್ಕಾಲು ಇಂಚಿಗೆ ಸಡಿಲಿಸಿತು.

ಈ ಚಿಲ್ಲರೆ ಅಳತೆ ಒಮ್ಮೆ, ಲೀಗಿನ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಸ್ಟ್ಯಾನ್ಲಿ ಕಪ್ ಫೈನಲ್‌ನ ದಿಕ್ಕನ್ನೇ ಬದಲಿಸಿತು. 1993ರ ಜೂನ್ 3, ಸರಣಿಯ ಎರಡನೆಯ ಪಂದ್ಯ. ಮೊದಲ ಪಂದ್ಯ ಗೆದ್ದಿದ್ದ ಲಾಸ್ ಏಂಜಲೀಸ್ ಕಿಂಗ್ಸ್ ಇಲ್ಲೂ 2-1ರಿಂದ ಮುಂದಿತ್ತು, ಎರಡು ನಿಮಿಷವೂ ಬಾಕಿಯಿರಲಿಲ್ಲ. ಮಾಂಟ್ರಿಯಲ್ ಕೋಚ್ ಜಾಕ್ ಡೆಮೆರ್ಸ್ ಎದುರಾಳಿ ಮಾರ್ಟಿ ಮೆಕ್‌ಸೋರ್ಲಿಯ ಕೋಲನ್ನು ಅಳೆಯಬೇಕೆಂದು ರೆಫರಿಯನ್ನು ಕೇಳಿದ. ಬಾಗು ಮಿತಿ ಮೀರಿತ್ತು. ಮೆಕ್‌ಸೋರ್ಲಿ ಶಿಕ್ಷೆಯ ಪೆಟ್ಟಿಗೆಯಲ್ಲಿ ಕೂತ, ಅವನ ತಂಡ ಒಬ್ಬ ಕಡಿಮೆಯಾಗಿ ಆಡಬೇಕಾಯಿತು. ಎರಿಕ್ ದೆಜಾರ್ಡನ್ ಸಮಬಲದ ಗೋಲು ಹೊಡೆದ, ಹೆಚ್ಚುವರಿ ಅವಧಿ ಶುರುವಾಗಿ ನಿಮಿಷ ತುಂಬುವ ಮೊದಲೇ ಗೆಲುವಿನ ಗೋಲನ್ನೂ ಹೊಡೆದ. ಮಾಂಟ್ರಿಯಲ್ ಸರಣಿಯನ್ನು 4-1ರಿಂದ ಗೆದ್ದಿತು. ಅಂದು ಮಿತಿ ಮೀರಿದ ಕೋಲು ಹಿಡಿದಿದ್ದವನು ಮೆಕ್‌ಸೋರ್ಲಿ ಒಬ್ಬನೇ ಎಂದು ನಂಬುವವರು ಕಡಿಮೆ.

ಮರದ ಕಾಲ ಮುಗಿದದ್ದು ಎರಡು ಹೆಜ್ಜೆಯಲ್ಲಿ. 1980ರ ದಶಕದಲ್ಲಿ ಅಲ್ಯೂಮಿನಿಯಂ ದಂಡಗಳು ಬಂದವು. ಲೀಗಿನ ಅತಿ ದೊಡ್ಡ ತಾರೆ ವೇಯ್ನ್ ಗ್ರೆಟ್ಸ್ಕಿಯೇ ಮರ ಬಿಟ್ಟು ಅದನ್ನು ಹಿಡಿದ ಮೇಲೆ ಯಾರಿಗೂ ಅನುಮಾನ ಉಳಿಯಲಿಲ್ಲ. 2000ದ ಹೊತ್ತಿಗೆ ಈಸ್ಟನ್ ಕಂಪನಿಯ 'ಸಿನರ್ಜಿ' ಬಂತು: ಕಾರ್ಬನ್ ನಾರಿನ, ದಂಡ ಅಲಗು ಎರಡೂ ಒಂದೇ ಆಗಿರುವ ಕೋಲು. ಒಂದು ದಶಕದೊಳಗೆ ಲೀಗಿನಲ್ಲಿ ಮರದ ಕೋಲು ಅಪರೂಪದ ವಸ್ತುವಾಯಿತು. ಇದರ ಗುಟ್ಟು ಹಗುರತನವೊಂದೇ ಅಲ್ಲ. ಆಟಗಾರ ಪಕ್‌ಗಿಂತ ಸ್ವಲ್ಪ ಹಿಂದೆ ಮಂಜಿಗೆ ಕೋಲು ಊರುತ್ತಾನೆ, ದಂಡ ಬಿಲ್ಲಿನಂತೆ ಬಾಗುತ್ತದೆ, ಬಾಗಿದ್ದು ನೆಟ್ಟಗಾಗುವ ರಭಸ ಪಕ್‌ಗೆ ವರ್ಗವಾಗುತ್ತದೆ. ದಂಡದ ಯಾವ ಜಾಗದಲ್ಲಿ ಎಷ್ಟು ಬಾಗಬೇಕೆಂಬುದನ್ನು ಕಾರ್ಬನ್ನಿನಲ್ಲಿ ಮೊದಲೇ ಗೊತ್ತುಮಾಡಬಹುದು, ಮರದಲ್ಲಿ ಅದು ಮರದ ಮರ್ಜಿ. ಕೋಲಿನ ಮೇಲೆ 85, 100 ಎಂದೆಲ್ಲ ಅಚ್ಚಾಗಿರುವ ಅಂಕಿ ಅದರ ಬಿಗಿಯನ್ನು ಹೇಳುತ್ತದೆ: ಒಂದು ಇಂಚು ಬಾಗಿಸಲು ಅಷ್ಟು ಪೌಂಡ್ ಬಲ ಬೇಕು.

ಕುತೂಹಲದ ಸಂಗತಿಯೆಂದರೆ, ಅತಿ ವೇಗದ ಹೊಡೆತದ ದಾಖಲೆ ಇದರಿಂದ ಆಕಾಶಕ್ಕೇನೂ ಏರಲಿಲ್ಲ. 1993ರ ಆಲ್‌ಸ್ಟಾರ್ ಸ್ಪರ್ಧೆಯಲ್ಲಿ ಆಲ್ ಅಯಫ್ರೇಟ್ ಗಂಟೆಗೆ 105.2 ಮೈಲಿ ವೇಗದಲ್ಲಿ ಹೊಡೆದಿದ್ದ. 2012ರಲ್ಲಿ ಆರಡಿ ಒಂಬತ್ತಿಂಚಿನ ಜ್ಡೆನೊ ಚಾರಾ 108.8 ಮೈಲಿ ಮುಟ್ಟಿದ. ಸುಮಾರು ಎರಡು ದಶಕದಲ್ಲಿ ಹೆಚ್ಚಿದ್ದು ಇಷ್ಟೇ. ನಿಜವಾದ ಬದಲಾವಣೆ ಬೇರೆಡೆ ಆಯಿತು. ಕೋಲನ್ನು ಹಿಂದಕ್ಕೆ ಬೀಸದೆ, ಬರೀ ಮಣಿಕಟ್ಟು ತಿರುಗಿಸಿ ಹೊಡೆಯುವ ಹೊಡೆತವೇ ಸುಳಿವು ಕೊಡದ ಅಸ್ತ್ರವಾಯಿತು. ಸಾಮಾನ್ಯ ಆಟಗಾರನೂ ಮಾರಕನಾದ. ಕಾರ್ಬನ್ ಕೋಲಿನ ಒಂದು ಚಾಳಿಯೂ ಇದೆ: ಮುನ್ಸೂಚನೆಯಿಲ್ಲದೆ ಹೊಡೆತದ ನಡುವೆಯೇ ಲಟಕ್ಕನೆ ಮುರಿಯುತ್ತದೆ. ಮುರಿದ ಕೋಲನ್ನು ಕೂಡಲೇ ಬಿಸಾಡಬೇಕು, ಹಿಡಿದು ಆಡಿದರೆ ಶಿಕ್ಷೆ. ಮುನ್ನೂರು ಡಾಲರಿನ ಕೋಲು ಮುರಿದುಕೊಂಡು ಬರಿಗೈಯಲ್ಲಿ ಗೋಲಿನ ಮುಂದೆ ನಿಂತ ರಕ್ಷಣಾ ಆಟಗಾರನನ್ನು ನೋಡಿದಾಗ ಹಳೆಯ ಆ್ಯಶ್ ಮರದ ಅಭಿಮಾನಿಗಳು ನಗುತ್ತಾರೆ.

ಈ ಹೊಡೆತಗಳಿಗೆ ಎದುರಾಗಿ ನಿಂತವನ ಕಡೆಗೆ ಬರೋಣ. ಆರಂಭದ ಗೋಲ್‌ಕೀಪರಿಗೆ ಬೇರೆ ಸಲಕರಣೆಯೇ ಇರಲಿಲ್ಲ. 1896ರಲ್ಲಿ ವಿನ್ನಿಪೆಗ್ ವಿಕ್ಟೋರಿಯಾಸ್ ತಂಡದ ಜಾರ್ಜ್ ಮೆರಿಟ್ ಸ್ಟ್ಯಾನ್ಲಿ ಕಪ್ ಪಂದ್ಯಕ್ಕೆ ಇಳಿದಾಗ ಕಾಲಿಗೆ ಕಟ್ಟಿದ್ದು ನಮಗೆಲ್ಲ ಪರಿಚಿತವಾದ ವಸ್ತು, ಕ್ರಿಕೆಟ್ ಬ್ಯಾಟ್ಸ್‌ಮನ್ನಿನ ಪ್ಯಾಡು. ಆದರೆ ಕ್ರಿಕೆಟ್ ಪ್ಯಾಡಿನ ಮೈ ಉಬ್ಬು. ತಾಗಿದ ಪಕ್ ಅಕ್ಕಪಕ್ಕಕ್ಕೆ ಚಿಮ್ಮಿ ಗೋಲಿನೊಳಕ್ಕೇ ಹೋಗುತ್ತಿತ್ತು. ಹ್ಯಾಮಿಲ್ಟನ್ನಿನಲ್ಲಿ ಕುದುರೆಯ ಜೀನು, ಲಗಾಮು ಹೊಲಿಯುತ್ತಿದ್ದ ಎಮಿಲ್ ಕೆನೆಸ್ಕಿ 1920ರ ದಶಕದಲ್ಲಿ ಇದಕ್ಕೆ ಉಪಾಯ ಹುಡುಕಿದ. ಪ್ಯಾಡಿನ ಅಂಚುಗಳನ್ನು ತುಂಬಿಸಿ ಅಗಲ ಮಾಡಿ, ಮುಖವನ್ನು ಚಪ್ಪಟೆಯಾಗಿಸಿದ. ಚರ್ಮದ ಹೊದಿಕೆ, ಒಳಗೆ ಕೂದಲು, ಬೂರುಗದ ಹತ್ತಿ. ಅರ್ಧ ಶತಮಾನ ಎನ್‌ಎಚ್‌ಎಲ್ ಗೋಲ್‌ಕೀಪರುಗಳ ಕಾಲು ಕಾದದ್ದು ಈ ಜೀನುಗಾರನ ಹೊಲಿಗೆಯೇ. ಒಂದೇ ತೊಂದರೆ: ಕರಗಿದ ಮಂಜನ್ನೂ ಬೆವರನ್ನೂ ಅದು ಹೀರುತ್ತಿತ್ತು, ಪಂದ್ಯ ಸಾಗಿದಂತೆ ಭಾರವಾಗುತ್ತಿತ್ತು. ಪಕ್ ಹಿಡಿಯುವ ಗ್ಲೌಸು ಬಂದದ್ದು ಬೇಸ್‌ಬಾಲಿನಿಂದ. 1940ರ ದಶಕದಲ್ಲಿ ಎಮಿಲ್ ಫ್ರಾನ್ಸಿಸ್ ಬೇಸ್‌ಬಾಲ್ ಗ್ಲೌಸಿಗೆ ಮಣಿಕಟ್ಟಿನ ಪಟ್ಟಿ ಹೊಲಿಸಿಕೊಂಡು ಆಡಲಿಳಿದ.

ಮೊಣಕಾಲಿಗೆ ಇಷ್ಟೆಲ್ಲ ಇದ್ದಾಗಲೂ ಮುಖಕ್ಕೆ ಏನೂ ಇರಲಿಲ್ಲ. ಪಕ್ ತಾಗಿ ಮುಖ ಒಡೆದುಕೊಂಡ ಗೋಲ್‌ಕೀಪರ್ ಕ್ಲಿಂಟ್ ಬೆನೆಡಿಕ್ಟ್ 1930ರಲ್ಲಿ ಚರ್ಮದ ಮುಖವಾಡ ಹಾಕಿದ್ದನಾದರೂ ಕಣ್ಣಿಗೆ ಅಡ್ಡಿಯೆಂದು ಬೇಗ ಬಿಟ್ಟ. 1959ರ ನವೆಂಬರ್ 1ರಂದು ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಆ್ಯಂಡಿ ಬಾತ್‌ಗೇಟ್ ಹೊಡೆದ ಪಕ್ ಮಾಂಟ್ರಿಯಲ್‌ನ ಗೋಲ್‌ಕೀಪರ್ ಜಾಕ್ ಪ್ಲಾಂಟ್‌ನ ಮೂಗು ತುಟಿ ಸೀಳಿತು. ಆಗ ತಂಡಕ್ಕೆ ಎರಡನೆಯ ಗೋಲ್‌ಕೀಪರ್ ಎಂಬುದೇ ಇರಲಿಲ್ಲ. ಹೊಲಿಗೆ ಹಾಕಿಸಿಕೊಂಡು ಅವನೇ ಮರಳಬೇಕು, ಆಟ ಅಲ್ಲಿಯವರೆಗೆ ನಿಂತಿರಬೇಕು. ಪ್ಲಾಂಟ್ ಅಭ್ಯಾಸದಲ್ಲಿ ಫೈಬರ್‌ಗ್ಲಾಸ್ ಮುಖವಾಡ ಬಳಸುತ್ತಿದ್ದ, ಪಂದ್ಯದಲ್ಲಿ ಕೋಚ್ ಟೋ ಬ್ಲೇಕ್ ಒಪ್ಪುತ್ತಿರಲಿಲ್ಲ. ಆ ರಾತ್ರಿ ಪ್ಲಾಂಟ್ ಅದಿಲ್ಲದೆ ಇಳಿಯುವುದಿಲ್ಲ ಎಂದುಬಿಟ್ಟ. ಬೇರೆ ದಾರಿಯಿಲ್ಲದೆ ಬ್ಲೇಕ್ ಒಪ್ಪಿದ. ತಂಡ 3-1ರಿಂದ ಗೆದ್ದಿತು, ಆಮೇಲೂ ಗೆಲ್ಲುತ್ತಲೇ ಹೋಯಿತು. ಮುಂದಿನ ಮಾರ್ಚ್‌ನಲ್ಲಿ ಕೋಚ್‌ನ ಒತ್ತಾಯಕ್ಕೆ ಪ್ಲಾಂಟ್ ಒಂದು ಪಂದ್ಯ ಬರಿಮುಖದಲ್ಲಿ ಆಡಿದ, ತಂಡ 3-0ಯಿಂದ ಸೋತಿತು. ಬ್ಲೇಕ್‌ನ ವಾದ ಅಲ್ಲಿಗೆ ಬಿತ್ತು. ಗಮನಿಸಿ: ಮುಖವಾಡವನ್ನು ಗೆಲ್ಲಿಸಿದ್ದು ಹರಿದ ಮುಖವಲ್ಲ, ಪಂದ್ಯಗಳ ಫಲಿತಾಂಶ.

ಆದರೂ ಎಲ್ಲರೂ ಅದನ್ನು ಒಪ್ಪಲು ಇನ್ನೂ ಹದಿನೈದು ವರ್ಷ ಬೇಕಾಯಿತು. ಎನ್‌ಎಚ್‌ಎಲ್‌ನಲ್ಲಿ ಮುಖವಾಡವಿಲ್ಲದೆ ಆಡಿದ ಕೊನೆಯವನು ಪಿಟ್ಸ್‌ಬರ್ಗ್‌ನ ಆ್ಯಂಡಿ ಬ್ರೌನ್, 1974ರಲ್ಲಿ. ಮುಖಕ್ಕೆ ಅಂಟಿಕೊಂಡಂತಿದ್ದ ಫೈಬರ್‌ಗ್ಲಾಸ್ ಕೂಡ ಪೂರ್ತಿ ಸುರಕ್ಷಿತವಾಗಿರಲಿಲ್ಲ. ಕಣ್ಣಿನ ತೂತಿನೊಳಗೆ ಕೋಲಿನ ತುದಿ ಹೊಕ್ಕು 1979ರಲ್ಲಿ ಬರ್ನಿ ಪ್ಯಾರೆಂಟ್‌ನ ಆಟ ಕೊನೆಗೊಂಡಿತು. ಸೋವಿಯತ್ ಗೋಲ್‌ಕೀಪರ್ ವ್ಲಾದಿಸ್ಲಾವ್ ತ್ರೆತ್ಯಾಕ್ ತೊಡುತ್ತಿದ್ದ ಹೆಲ್ಮೆಟ್ ಮತ್ತು ತಂತಿಯ ಪಂಜರವೂ ಫೈಬರ್‌ಗ್ಲಾಸ್ ಚಿಪ್ಪೂ ಕೂಡಿ ಇಂದಿನ ಮುಖವಾಡವಾಯಿತು.

ಹಗುರ ಫೋಮ್ ಬಂದ ಮೇಲೆ ಗೋಲ್‌ಕೀಪರ್ ರಕ್ಷಣೆಯ ಹೆಸರಿನಲ್ಲಿ ಹಿಗ್ಗತೊಡಗಿದ. ಭಾರವಾಗದೆ ಅಗಲವಾಗಬಹುದು ಎಂದಾದರೆ ಬಿಡುವವರು ಯಾರು? 1981-82ರಲ್ಲಿ ಪಂದ್ಯಕ್ಕೆ ಸರಾಸರಿ ಎಂಟು ಗೋಲು ಬೀಳುತ್ತಿದ್ದ ಲೀಗಿನಲ್ಲಿ 2003-04ರ ಹೊತ್ತಿಗೆ ಐದಕ್ಕಿಳಿಯಿತು. ಇದಕ್ಕೆ ಪ್ಯಾಡೊಂದೇ ಕಾರಣವಲ್ಲ, ತಂಡಗಳ ರಕ್ಷಣಾ ತಂತ್ರವೂ ಕಾರಣ. ಆದರೆ ಅಳತೆಪಟ್ಟಿ ಹಿಡಿಯಲು ಲೀಗಿಗೆ ಸುಲಭವಾದದ್ದು ಪ್ಯಾಡು. 2005ರಲ್ಲಿ ಅದರ ಅಗಲ 12 ಇಂಚಿನಿಂದ 11ಕ್ಕೆ ಇಳಿಯಿತು. ಆಮೇಲೆ ಚಡ್ಡಿ, ಎದೆಗವಚಗಳನ್ನೂ ದೇಹದ ಅಳತೆಗೆ ಹೊಂದಿಸಬೇಕೆಂದಾಯಿತು. ಇತರ ಆಟಗಾರರ ಮೊಣಕೈ ಕವಚದ ಕಥೆ ಇನ್ನೂ ವಿಚಿತ್ರ. ಗಟ್ಟಿ ಪ್ಲಾಸ್ಟಿಕ್ ಚಿಪ್ಪು ತೊಟ್ಟವನ ಮೊಣಕೈ ಕಾಪಾಡಿತು, ಎದುರಾಳಿಯ ದವಡೆ ಮುರಿಯಿತು. ಚಿಪ್ಪಿನ ಮೇಲೆ ಮೆತ್ತನೆಯ ಹೊದಿಕೆ ಇರಬೇಕೆಂದು ಕಡೆಗೆ ನಿಯಮ ಮಾಡಬೇಕಾಯಿತು.

ತಲೆಯ ವಿಷಯಕ್ಕೆ ಮರಳಿದರೆ, ಬೈಲಿಯ ನಂತರದ ಎಚ್ಚರಿಕೆ ಇನ್ನೂ ಕ್ರೂರವಾಗಿತ್ತು. ಮಿನೆಸೋಟ ತಂಡದ ಬಿಲ್ ಮಾಸ್ಟರ್‌ಟನ್ 1968ರ ಜನವರಿ 13ರಂದು ಮಂಜಿಗೆ ತಲೆ ಬಡಿದು ಬಿದ್ದು, ಎರಡು ದಿನದ ಮೇಲೆ ತೀರಿಕೊಂಡ. ಆಗಲೂ ನಿಯಮ ಬರಲು 11 ವರ್ಷ ಹಿಡಿಯಿತು. ಸ್ವೀಡನ್ನಿನಲ್ಲಿ ಹೆಲ್ಮೆಟ್ ಅದಕ್ಕೆ ಮೊದಲೇ ಕಡ್ಡಾಯವಾಗಿತ್ತು. ಅಲ್ಲಿಂದ ಬಂದವರ ತಲೆಯ ಮೇಲಿನ ಟೋಪಿಯನ್ನು ಉತ್ತರ ಅಮೆರಿಕದವರು ಪುಕ್ಕಲುತನದ ಗುರುತು ಎಂಬಂತೆ ನೋಡಿದರು. 1979ರ ನಿಯಮವೂ ಹೊಸಬರಿಗೆ ಮಾತ್ರ. ಜೂನ್ 1ಕ್ಕೆ ಮೊದಲು ವೃತ್ತಿಪರ ಒಪ್ಪಂದ ಮಾಡಿಕೊಂಡವರು ಬಯಸಿದರೆ ಬರಿದಲೆಯಲ್ಲಿ ಆಡಬಹುದಿತ್ತು. ಕಣ್ಣಿನ ಮೇಲಿನ ಪಾರದರ್ಶಕ ವೈಸರ್‌ಗೂ ಅದೇ ದಾರಿ: 2000ದಲ್ಲಿ ಬ್ರಯನ್ ಬೆರಾರ್ಡ್ ಕೋಲು ತಾಗಿ ಒಂದು ಕಣ್ಣಿನ ದೃಷ್ಟಿ ಬಹುಮಟ್ಟಿಗೆ ಕಳೆದುಕೊಂಡ, ವೈಸರ್ ಕಡ್ಡಾಯವಾದದ್ದು 2013-14ರಲ್ಲಿ, ಅದೂ ಅನುಭವ ಕಡಿಮೆಯಿದ್ದವರಿಗೆ.

ಸ್ಕೇಟುಗಳು ಮಾತ್ರ ಸದ್ದಿಲ್ಲದೆ ಬೆಳೆದವು. ಸೈಕಲ್ ಕಂಪನಿಯಾಗಿದ್ದ ಸಿಸಿಎಂ 1905ರಲ್ಲಿ ಅದೇ ಉಕ್ಕಿನಿಂದ ಅಲಗು ಮಾಡತೊಡಗಿತು. ಬೂಟು ಒಂದು ಕಡೆ, ಅಲಗು ಇನ್ನೊಂದು ಕಡೆ ಕೊಳ್ಳುತ್ತಿದ್ದ ಕಾಲದಲ್ಲಿ ಕಿಚನರ್ ಊರಿನ ಬಾವರ್ ಕಂಪನಿ ಎರಡನ್ನೂ ಕೂಡಿಸಿ ಮಾರಿತು. ಈಗಿನ ಬೂಟನ್ನು ಒಲೆಯಲ್ಲಿ ಕಾಯಿಸಿ ಆಟಗಾರನ ಪಾದಕ್ಕೇ ಅಚ್ಚೊತ್ತುತ್ತಾರೆ. ಸುಮಾರು ಮೂರು ಮಿಲಿಮೀಟರ್ ದಪ್ಪದ ಅಲಗಿನ ಅಡಿಯನ್ನು ತೋಡಿ ಎರಡು ಅಂಚು ಮಾಡಿರುತ್ತಾರೆ. ಮೊಂಡಾದರೆ ಪಂದ್ಯದ ನಡುವೆಯೇ ಸಹಾಯಕ ಹಳೆಯ ಅಲಗು ಕಳಚಿ ಹೊಸದು ಸಿಕ್ಕಿಸುತ್ತಾನೆ, ಕೆಲವೇ ಸೆಕೆಂಡುಗಳ ಕೆಲಸ. ಯಾವಾಗಲೂ ಹರಿತವಾಗಿರುವ ಹತ್ತಾರು ಅಲಗುಗಳು ಅಂಗಳದಲ್ಲಿ ಓಡುತ್ತಿರುತ್ತವೆ ಎಂಬುದು ಇದರ ಮತ್ತೊಂದು ಮುಖ.

1989ರ ಮಾರ್ಚ್ 22ರಂದು ಬಫಲೊದಲ್ಲಿ ಗೋಲ್‌ಕೀಪರ್ ಕ್ಲಿಂಟ್ ಮಲಾರ್‌ಚಕ್‌ನ ಕೊರಳ ರಕ್ತನಾಳವನ್ನು ಎದುರಾಳಿಯ ಸ್ಕೇಟ್ ಕೊಯ್ದಿತು. ವಿಯೆಟ್ನಾಂ ಯುದ್ಧದಲ್ಲಿ ಸೈನ್ಯದ ವೈದ್ಯ ಸಹಾಯಕನಾಗಿದ್ದ ತಂಡದ ತರಬೇತುದಾರ ಜಿಮ್ ಪಿಜುಟೆಲಿ ಓಡಿಬಂದು ಕೈಯಿಂದಲೇ ನಾಳವನ್ನು ಅದುಮಿ ಹಿಡಿದದ್ದರಿಂದ ಅವನು ಬದುಕಿದ. 2008ರಲ್ಲಿ ಅದೇ ಊರಿನಲ್ಲಿ ರಿಚರ್ಡ್ ಜೆಡ್ನಿಕ್‌ಗೆ ಅಂಥದೇ ಗಾಯ, ಅವನೂ ಬದುಕಿದ. 2023ರ ಅಕ್ಟೋಬರ್ 28ರಂದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಡುತ್ತಿದ್ದ, ಹಿಂದೆ ಎನ್‌ಎಚ್‌ಎಲ್‌ನಲ್ಲೂ ಆಡಿದ್ದ ಆ್ಯಡಮ್ ಜಾನ್ಸನ್ ಬದುಕಲಿಲ್ಲ. ಕತ್ತರಿಸದ ನಾರಿನ ಕೊರಳಪಟ್ಟಿ ಆಗಲೇ ಅಂಗಡಿಯಲ್ಲಿತ್ತು. ಸೆಕೆ, ಬಿಗಿ, ತಲೆ ತಿರುಗಿಸಲು ಅಡ್ಡಿ ಎಂಬ ಆಕ್ಷೇಪಗಳೂ ಇದ್ದವು. ಹೆಲ್ಮೆಟ್ ಬಗ್ಗೆಯೂ ಹಿಂದೆ ಇವೇ ಮಾತು ಕೇಳಿಬಂದಿದ್ದವು. ಅಂತರರಾಷ್ಟ್ರೀಯ ಐಸ್ ಹಾಕಿ ಫೆಡರೇಶನ್ ತನ್ನ ಟೂರ್ನಿಗಳಲ್ಲಿ ಕೊರಳಪಟ್ಟಿ ಕಡ್ಡಾಯ ಮಾಡಿತು. ಎನ್‌ಎಚ್‌ಎಲ್ ಮತ್ತು ಆಟಗಾರರ ಸಂಘ 2025ರಲ್ಲಿ ಮಾಡಿಕೊಂಡ ಒಪ್ಪಂದದ ಪ್ರಕಾರ 2026-27ರಿಂದ ಲೀಗಿಗೆ ಹೊಸದಾಗಿ ಬರುವವರಿಗೆ ಅದು ಕಡ್ಡಾಯ, ಹಳಬರಿಗೆ ಅವರವರ ಇಷ್ಟ. ಹಿಂದೆ ಇಂಥದೇ ಹೆಲ್ಮೆಟ್ ವಿನಾಯಿತಿಯಲ್ಲಿ ಬರಿದಲೆಯಲ್ಲೇ ಉಳಿದ ಕೊನೆಯ ಆಟಗಾರ ಕ್ರೇಗ್ ಮ್ಯಾಕ್‌ಟಾವಿಶ್ ನಿವೃತ್ತನಾದದ್ದು 1997ರಲ್ಲಿ, ನಿಯಮ ಬಂದು 18 ವರ್ಷಕ್ಕೆ.